ಎರೆಗೊಬ್ಬರದಲ್ಲಿ 63 ಹಣ್ಣಿನ ಸ್ಟಿಕ್ಕರ್! ಇದು ಬೇಕೇ ಬೇಕಾ?

ಗೊಬ್ಬರಗುಂಡಿ, ಶಿರಸಿ
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದ್ರೆ ಒಂದು ವಾರದಿಂದ ತಲೆ ತಿನ್ನುತ್ತಿದೆ.

ಮಳೆ ಹಿಡಿಯುವ ಮುಂಚೆ ಎರೆಗೊಬ್ಬರದ ತೊಟ್ಟಿ ಖಾಲಿ ಮಾಡಿದೆ. ಕಾಳುಮೆಣಸಿನ ಬುಡಕ್ಕೆ ಹಾಕಬೇಕಿತ್ತು. ಈ ಸಲ ಜರಡಿ ಹಿಡಿದೆ. ಜರಡಿಯಲ್ಲಿ ಉಳಿದದ್ದು ತೆಂಗಿನ ಗರಟೆ ಚೂರು, ಮಾವಿನ ಗೊರಟು, ಎರಡು ಚಮಚ (ಮನೆಯವಳು ವರ್ಷದಿಂದ ಹುಡುಕುತ್ತಿದ್ದಳು, ಕೆಲಸದವಳ ಮೇಲೆ ಅನುಮಾನ ಬೇರೆ ಪಟ್ಟಿದ್ದಳು), ಮತ್ತೆ 63 ಹಣ್ಣಿನ ಸ್ಟಿಕ್ಕರ್. ಕೂತು ಎಣಿಸಿದ್ದೇನೆ. ಬಾಳೆಸಿಪ್ಪೆ ಕರಗಿದೆ, ಅಡಿಕೆ ಹಾಳೆ ಕರಗಿದೆ, ಹಳೆ ಗೋಣಿಚೀಲವೂ ಕರಗಿದೆ. ಸ್ಟಿಕ್ಕರ್ ಮಾತ್ರ ನಿನ್ನೆ ಅಂಟಿಸಿದ ಹಾಗಿದೆ. ಕೆಲವದರ ಮೇಲಿನ ನಾಲ್ಕಂಕಿ ನಂಬರ್ ಕೂಡ ಓದಲು ಬರುತ್ತದೆ.

ನಮ್ಮದು ತೋಟದ ಮನೆ. ಬಾಳೆ, ಪಪ್ಪಾಯಿ, ಚಿಕ್ಕು, ಹಲಸು ಎಲ್ಲಾ ಮನೆಯದ್ದೇ. ಪೇಟೆ ಹಣ್ಣು ತರೋದು ಯಾರಿಗಾದ್ರೂ ಹುಷಾರಿಲ್ಲ ಅಂದಾಗ, ಇಲ್ಲಾ ಪೂಜೆಗೆ ಐದು ಥರದ ಹಣ್ಣು ಆಗಬೇಕು ಅಂದಾಗ. ಅಷ್ಟಕ್ಕೇ 63. ದಿನಾ ಪೇಟೆ ಹಣ್ಣು ತಿನ್ನುವವರ ಮನೆ ಕಥೆ ಏನು?

ಇದು ಕಾಗದವಾ, ಪ್ಲಾಸ್ಟಿಕ್ಕಾ? ನಮ್ಮ ಕಡೆ ಇದರಿಂದ ಯಾರಿಗೆ ಏನು ಉಪಯೋಗ? ನಿಲ್ಲಿಸಿ ಅಂತ ಯಾರನ್ನು ಕೇಳಬೇಕು?

ಬೆಟ್ಟದ_ಭಾವ, ಸಿದ್ದಾಪುರ
ಸಿಪ್ಪೆ ಹಾಕುವ ಮುಂಚೆ ಸ್ಟಿಕ್ಕರ್ ಕಿತ್ತು ಬಿಸಾಡಿ. ಚರ್ಚೆ ಮುಗೀತು.

ಗೊಬ್ಬರಗುಂಡಿ, ಶಿರಸಿ
ಕಿತ್ತು ಎಲ್ಲಿ ಬಿಸಾಡೋದು ಭಾವ? ನಮ್ಮಲ್ಲಿಗೆ ಕಸದ ಗಾಡಿ ಬರಲ್ಲ. ಒಲೆಗೆ ಹಾಕಿದ್ರೆ ಪ್ಲಾಸ್ಟಿಕ್ ಹೊಗೆ, ಅಂಗಳಕ್ಕೆ ಹಾಕಿದ್ರೆ ಮಳೆಗೆ ಹಳ್ಳ. ಮತ್ತೆ ಮನೆಯಲ್ಲಿ ಏಳು ಜನ ಇದ್ದೇವೆ. ಆರು ಜನ ಕಿತ್ತರೂ ಏಳನೆಯವನು ಒಬ್ಬ ಇರ್ತಾನಲ್ಲ.

ಅಕ್ಕಚ್ಚು_ಬಕೆಟ್, ಯಲ್ಲಾಪುರ
ನಮ್ಮಲ್ಲಿ ಸಿಪ್ಪೆ ಗೊಬ್ಬರಕ್ಕೆ ಹೋಗೋದೇ ಇಲ್ಲ, ಸೀದಾ ಅಕ್ಕಚ್ಚಿನ ಬಕೆಟ್‌ಗೆ. ಅಂದ್ರೆ ಸ್ಟಿಕ್ಕರ್ ದನದ ಹೊಟ್ಟೆಗೆ. ನಿಮ್ಮ ಪೋಸ್ಟ್ ಓದಿದ ಮೇಲೆ ಇವತ್ತು ಬಕೆಟ್ ಒಳಗೆ ಕೈ ಹಾಕಿ ನೋಡಿದೆ. ಎರಡು ಸಿಕ್ಕಿತು, ದಾಳಿಂಬೆಯದ್ದು. ಇಷ್ಟು ವರ್ಷ ಎಷ್ಟು ತಿಂದಿದೆಯೋ ಪಾಪದ್ದು.

ತಪ್ಪು_ತಿದ್ದುವವ, ಧಾರವಾಡ (ಊರು ಮುಂಡಗೋಡ)
ಪ್ಲಾಸ್ಟಿಕ್ಕೇ. ಹೆಚ್ಚಿನವು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಹಾಳೆ. ಕಾಗದದ ಹಾಗೆ ಕಾಣುವುದಕ್ಕೂ ಎಷ್ಟೋ ಸಲ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಕಾರಣ ಇದೆ. ಹಣ್ಣು ತೊಳೀತಾರೆ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡ್ತಾರೆ, ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರು ಕಟ್ಟುತ್ತದೆ. ಬರೀ ಕಾಗದ ಆದ್ರೆ ಮುದ್ದೆಯಾಗಿ ಬಿದ್ದು ಹೋಗುತ್ತದೆ. ಮೇಲಾಗಿ ಹಣ್ಣು ದುಂಡಗೆ. ಅದರ ಮೈಗೆ ಸುಕ್ಕಿಲ್ಲದೆ ಕೂರಬೇಕು ಅಂದ್ರೆ ಬಗ್ಗುವ ಹಾಳೆಯೇ ಬೇಕು. ಕರಗದೆ ಇರಲಿ ಅಂತಲೇ ಮಾಡಿದ ವಸ್ತು ನಿಮ್ಮ ತೊಟ್ಟಿಯಲ್ಲಿ ಕರಗಲಿಲ್ಲ ಅಂದ್ರೆ ಅದು ತನ್ನ ಕೆಲಸ ಸರಿಯಾಗಿ ಮಾಡಿದೆ ಅಷ್ಟೇ.

ಸಂಪಿಗೆ_ಮರ, ಶಿರಸಿ
ಆ ನಂಬರ್ ನೋಡಿ ತಗೊಳ್ಳಬೇಕು. 4ರಿಂದ ಶುರುವಾದ್ರೆ ಔಷಧಿ ಹೊಡೆದದ್ದು, 9ರಿಂದ ಆದ್ರೆ ಸಾವಯವ, 8 ಇದ್ದರೆ ಜೆನೆಟಿಕ್ ಮಾಡಿದ್ದು, ಮುಟ್ಟಲೇಬಾರದು. ವಾಟ್ಸಾಪ್‌ನಲ್ಲಿ ಬಂದಿತ್ತು, ನಾನು ಎಲ್ಲರಿಗೂ ಕಳಿಸಿದ್ದೇನೆ. ಸ್ಟಿಕ್ಕರ್ ತೆಗೆದ್ರೆ ಈ ಮಾಹಿತಿ ಹೋಗುತ್ತಲ್ವಾ?

ತಪ್ಪು_ತಿದ್ದುವವ, ಧಾರವಾಡ
ಅಕ್ಕ, ಕಾಲು ಭಾಗ ಸರಿ, ಮುಕ್ಕಾಲು ವಾಟ್ಸಾಪ್. ಇದಕ್ಕೆ ಪಿಎಲ್‌ಯು (ಪ್ರೈಸ್ ಲುಕ್ ಅಪ್, ದರ ಹುಡುಕುವ) ನಂಬರ್ ಅಂತಾರೆ. 1990ರಿಂದ ಇದೆ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಬಿಲ್ ಹಾಕುವವರಿಗೆ ಯಾವ ಆಪಲ್ ಯಾವುದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಬಂತು. 4011 ಅಂದ್ರೆ ಹಳದಿ ಬಾಳೆಹಣ್ಣು. ಸಾವಯವ ಆದ್ರೆ ಮುಂದೆ 9 ಸೇರಿ 94011. 4 ಅಂದ್ರೆ ಔಷಧಿ ಹೊಡೆದದ್ದು ಅಂತ ಅಲ್ಲ, ಸಾವಯವ ಅಂತ ಹೇಳಿಕೊಂಡಿಲ್ಲ ಅಷ್ಟೇ. 3ರಿಂದ ಶುರುವಾಗುವುದೂ ಅದೇ ಗುಂಪು. 8ನ್ನು ಜೆನೆಟಿಕ್‌ಗೆ ಅಂತ ಎತ್ತಿಟ್ಟದ್ದು ಹೌದು, ಅಂಗಡಿಯಲ್ಲಿ ಬಳಕೆಗೆ ಬರಲೇ ಇಲ್ಲ. ನಾಲ್ಕಂಕಿ ನಂಬರ್ ಸಾಲದು ಅಂತ ಈಗ ಆ ಸಾಲನ್ನು ಮಾಮೂಲಿ ಹಣ್ಣಿಗೇ ಬಿಟ್ಟಿದ್ದಾರೆ. ಇನ್ನು ನಮ್ಮ ದೇಶದಲ್ಲಿ ಬೆಳೆಯುವ ಬಿಟಿ ಬೆಳೆ, ಅಂದ್ರೆ ಜೆನೆಟಿಕ್ ಮಾಡಿದ್ದು, ಹತ್ತಿ. ಬಿಟಿ ಬದನೆಗೆ 2010ರಲ್ಲೇ ತಡೆ ಬಿತ್ತು.

ಮುಖ್ಯ ವಿಷಯ, ಈ ನಂಬರ್ ಹಾಕಲೇಬೇಕು ಅಂತ ಎಲ್ಲೂ ಕಾನೂನಿಲ್ಲ. ವ್ಯಾಪಾರದವರ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು.

ಸಂಪಿಗೆ_ಮರ, ಶಿರಸಿ
ಹೌದಾ! ಈಗ ನಲವತ್ತು ಜನಕ್ಕೆ ಮತ್ತೆ ಮೆಸೇಜ್ ಹಾಕಬೇಕಲ್ಲ ಮಾರಾಯ್ರೆ.

ಯಾಣದ_ಬಂಡೆ
ಶಿರಸಿ ಪೇಟೆಯಲ್ಲಿ 4011 ಅಂತ ಹೇಳಿ ಬಾಳೆಹಣ್ಣು ಕೇಳಿ ನೋಡಿ. ಬಸ್ ನಂಬರ್ ಅಂದ್ಕೊಂಡು ಸ್ಟ್ಯಾಂಡಿಗೆ ದಾರಿ ತೋರಿಸ್ತಾರೆ.

ಹಣ್ಣಂಗಡಿ_ಹುಡುಗ, ಕಾರವಾರ
ನಾನು ಹೇಳ್ತೇನೆ. ಅಪ್ಪನ ಕಾಲದಿಂದ ನಮ್ಮದು ಹಣ್ಣಿನ ವ್ಯಾಪಾರ.

ಫಾರಿನ್ ಆಪಲ್, ಕಿವಿ, ಪೇರ್ ಎಲ್ಲಾ ಡಬ್ಬಿಯೊಳಗೇ ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತದೆ. ಅದಕ್ಕೆ ನಾವು ಏನೂ ಮಾಡೋ ಹಾಗಿಲ್ಲ. ಇನ್ನೊಂದು ಜಾತಿ ಸ್ಟಿಕ್ಕರ್ ಇದೆ. ನಂಬರ್ ಇಲ್ಲ, ತೋಟದ ಹೆಸರಿಲ್ಲ. ಬಂಗಾರದ ಬಣ್ಣದಲ್ಲಿ 'ಬೆಸ್ಟ್ ಕ್ವಾಲಿಟಿ', 'ಎಕ್ಸ್‌ಪೋರ್ಟ್'. ಅದು ರೋಲ್‌ನಲ್ಲಿ ಸಿಗುತ್ತದೆ, ಯಾರು ಬೇಕಾದ್ರೂ ತಂದು ಯಾವುದಕ್ಕೆ ಬೇಕಾದ್ರೂ ಅಂಟಿಸಬಹುದು. ದಾಳಿಂಬೆ, ಕಿತ್ತಳೆ, ಪೇರಳೆ, ಎಲ್ಲದಕ್ಕೂ. ಎಕ್ಸ್‌ಪೋರ್ಟ್ ಅಂತ ಬರೆದದ್ದು ನಮ್ಮ ಅಂಗಡಿಯಿಂದ ಹೆಚ್ಚಂದ್ರೆ ಸದಾಶಿವಗಡಕ್ಕೆ ಎಕ್ಸ್‌ಪೋರ್ಟ್ ಆಗುತ್ತದೆ.

ಯಾಕೆ ಅಂಟಿಸ್ತಾರೆ ಅಂದ್ರೆ ಗಿರಾಕಿ ಕೇಳ್ತಾರೆ. ಒಂದೇ ಡಬ್ಬಿಯ ಹಣ್ಣು, ಸ್ಟಿಕ್ಕರ್ ಬಿದ್ದು ಹೋದದ್ದನ್ನು ಪಕ್ಕಕ್ಕೆ ಸರಿಸಿ 'ಆ ಸ್ಟಿಕ್ಕರ್ ಇದ್ದದ್ದು ಕೊಡು' ಅಂತಾರೆ. ಆಸ್ಪತ್ರೆಗೆ ಒಯ್ಯುವವರಂತೂ ಕಡ್ಡಾಯ. ಸ್ಟಿಕ್ಕರ್ ಇಲ್ಲದ ಆಪಲ್ ಕೊಟ್ಟರೆ ಪೇಷಂಟಿಗೆ ಮರ್ಯಾದೆ ಕಡಿಮೆ!

ಅಘನಾಶಿನಿ_ದಂಡೆ, ಕುಮಟಾ
ಪೆಟ್ಟು ಬಿದ್ದ ಜಾಗ ಮುಚ್ಚೋಕೂ ಅಂಟಿಸ್ತಾರೆ ಅಂತಾರಲ್ಲ ತಮ್ಮಾ, ಅದನ್ನು ಹೇಳಲಿಲ್ಲ ನೀನು?

ಹಣ್ಣಂಗಡಿ_ಹುಡುಗ, ಕಾರವಾರ
ಮಾಡುವವರು ಮಾಡ್ತಾರೆ. ನಾನು ಮಾಡಿಲ್ಲ ಅಂದ್ರೆ ನೀವು ನಂಬ್ತೀರಾ? ಸ್ಟಿಕ್ಕರ್ ಮೇಲೆ ಹೆಬ್ಬೆರಳು ಒತ್ತಿ ನೋಡಿ ತಗೊಳ್ಳಿ. ಮೆತ್ತಗಿದ್ರೆ ವಾಪಸ್ ಇಡಿ. ಇದಕ್ಕಿಂತ ಜಾಸ್ತಿ ಹೇಳಿದ್ರೆ ಪಕ್ಕದ ಅಂಗಡಿಯವ ನನ್ನ ಜೊತೆ ಚಾ ಕುಡಿಯಲ್ಲ.

ತಪ್ಪು_ತಿದ್ದುವವ, ಧಾರವಾಡ
ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ 2018ರಲ್ಲೇ ಇದನ್ನು ಹೇಳಿತ್ತು. ಬೇರೆ ದೇಶಗಳಲ್ಲಿ ಹಣ್ಣು ಎಲ್ಲಿಂದ ಬಂತು, ಯಾವ ದರ್ಜೆ ಅಂತ ತಿಳಿಸೋಕೆ ಸ್ಟಿಕ್ಕರ್. ನಮ್ಮಲ್ಲಿ ಹಣ್ಣು ಚೆನ್ನಾಗಿ ಕಾಣಲಿ ಅಂತ, ಕೆಲವು ಸಲ ಕೊಳೆತ ಜಾಗ ಮುಚ್ಚಲಿ ಅಂತ. ಅಂಟು ಎಂಥದ್ದು ಅಂತ ಯಾರಿಗೂ ಗೊತ್ತಿಲ್ಲ, ಹಣ್ಣಿನ ಮೈಗೆ ನೇರ ಅಂಟಿಸಬೇಡಿ ಅಂತ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದ್ದರು. ಸೂಚನೆ ಅಷ್ಟೇ, ನಿಷೇಧ ಅಲ್ಲ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ ಬಂತಲ್ಲ, ಆ ಪಟ್ಟಿಯಲ್ಲಿ ಸ್ಟ್ರಾ ಇದೆ, ಕಿವಿಕಡ್ಡಿ ಇದೆ, ಸ್ವೀಟ್ ಡಬ್ಬಿಗೆ ಸುತ್ತುವ ಹಾಳೆ ಕೂಡ ಇದೆ. ಹಣ್ಣಿನ ಸ್ಟಿಕ್ಕರ್ ಇಲ್ಲ.

ಕಡಲ_ಕಾಗೆ, ಕಾರವಾರ
ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನಾವು ಕೆಲವರು ಟಾಗೋರ್ ಬೀಚಿನಲ್ಲಿ ಆಗಾಗ ಕಸ ಹೆಕ್ಕುತ್ತೇವೆ. ಹಣ್ಣಿನ ಸ್ಟಿಕ್ಕರ್ ಇಲ್ಲಿವರೆಗೆ ಒಂದೂ ಸಿಕ್ಕಿಲ್ಲ. ಸಿಗೋದು ಗುಟ್ಕಾ ಪ್ಯಾಕೆಟ್, ನೀರಿನ ಬಾಟಲಿ, ಹರಿದ ಬಲೆ. ನೀವು ಉಗುರಿನಷ್ಟು ಸ್ಟಿಕ್ಕರ್ ಹಿಡಿದುಕೊಂಡು ಕೂತಿದ್ದೀರಿ. ಆನೆ ಹೋದದ್ದು ಬಿಟ್ಟು ಇರುವೆ ಎಣಿಸಿದ ಹಾಗಾಯ್ತು.

ಬೆಟ್ಟದ_ಭಾವ, ಸಿದ್ದಾಪುರ
ನಾನೂ ಅದನ್ನೇ ಹೇಳಿದ್ದು. ಗುಟ್ಕಾ ಪ್ಯಾಕೆಟ್ ಮೊದಲು ನಿಲ್ಲಿಸಿ.

ಕಡಲ_ಕಾಗೆ, ಕಾರವಾರ
ಭಾವ, ಆ ಪ್ಯಾಕೆಟ್ ಒಳಗಿರೋದು ಯಾರ ತೋಟದ್ದು ಅಂತ ಕೇಳಲಾ?

ಬೆಟ್ಟದ_ಭಾವ, ಸಿದ್ದಾಪುರ
ನಾವು ಅಡಿಕೆ ಬೆಳೀತೇವೆ, ಪ್ಯಾಕೆಟ್ ಬೆಳೆಯಲ್ಲ! ನಮ್ಮಜ್ಜ ಕವಳ ಹಾಕ್ತಿದ್ದ. ಎಲೆ, ಅಡಿಕೆ, ಸುಣ್ಣ. ಉಗಿದದ್ದೂ ಗೊಬ್ಬರವೇ.

ಯಾಣದ_ಬಂಡೆ
ಗೋಡೆಗೆ ಉಗಿದದ್ದು?

ತಪ್ಪು_ತಿದ್ದುವವ, ಧಾರವಾಡ
ಗುಟ್ಕಾವನ್ನು ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಕಟ್ಟಬಾರದು ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲೇ ಇದೆ. ಬೀಚಿನಲ್ಲಿ ಸಿಗ್ತಾ ಇದೆ ಅಂದ್ರೆ ನಿಯಮದ ಗತಿ ನೋಡಿ. ಅದು ಬೇರೆ ಚರ್ಚೆ, ದಯವಿಟ್ಟು ಬೇರೆ ಕಡೆ.

ಗೊಬ್ಬರಗುಂಡಿ, ಶಿರಸಿ
ಕಾಗೆಯವರೇ, ಬಾಟಲಿ ಸಮುದ್ರಕ್ಕೆ ಹೋಗಿ ಕಣ್ಣಿಗೆ ಬೀಳುತ್ತದೆ. ಸ್ಟಿಕ್ಕರ್ ಗೊಬ್ಬರದ ಜೊತೆ ಮಣ್ಣಿಗೆ ಹೋಗುತ್ತದೆ, ಕಣ್ಣಿಗೆ ಬೀಳಲ್ಲ. ನಾನು ಈ ಸಲ ಜರಡಿ ಹಿಡಿದೆ. ಹೋದ ವರ್ಷ ಹಿಡಿದಿರಲಿಲ್ಲ, ಅದರ ಹಿಂದಿನ ವರ್ಷವೂ ಇಲ್ಲ. ಅವೆಲ್ಲಾ ಈಗ ನನ್ನ ಮೆಣಸಿನ ಬುಡದಲ್ಲಿವೆ. ಬಾಟಲಿ ಹೆಕ್ಕಬಹುದು, ಇದನ್ನು ಹೆಕ್ಕಲು ಬರುತ್ತದಾ?

ಲಿಯಾನ್_ಹೊನ್ನಾವರ
ನಾನು ಹೊನ್ನಾವರದವ. ಕೆಲಸಕ್ಕೆ ಫ್ರಾನ್ಸಿನ ಲಿಯಾನ್‌ಗೆ ಬಂದು ಆರು ವರ್ಷ ಆಯ್ತು. ಇಲ್ಲಿ 2022ರ ಜನವರಿ 1ರಿಂದ ನಿಯಮ ಇದೆ. ಹಣ್ಣು ತರಕಾರಿಗೆ ಅಂಟಿಸುವ ಸ್ಟಿಕ್ಕರ್ ಮನೆಯ ಗೊಬ್ಬರದ ಡಬ್ಬಿಯಲ್ಲಿ ಕರಗುವಂಥದ್ದೇ ಆಗಿರಬೇಕು, ಪೂರ್ತಿ ಅಲ್ಲದಿದ್ರೂ ಒಂದು ಭಾಗವಾದ್ರೂ ಜೈವಿಕ ಮೂಲದ ವಸ್ತುವಿನಿಂದ ಮಾಡಿರಬೇಕು. ಇಲ್ಲಾಂದ್ರೆ ಅಂಟಿಸುವ ಹಾಗಿಲ್ಲ. ಇಡೀ ಯೂರೋಪ್ ಒಕ್ಕೂಟಕ್ಕೆ 2028ರ ಫೆಬ್ರವರಿಯಿಂದ ಕರಗುವ ಸ್ಟಿಕ್ಕರ್ ಕಡ್ಡಾಯ.

ಆದ್ರೆ ಇಲ್ಲೊಂದು ಕಿತಾಪತಿ ಇದೆ. ಕರಗುವುದು ಅಂದ್ರೆ ಎರಡು ಥರ. ಒಂದು ಕಾರ್ಖಾನೆಯಲ್ಲಿ ಕರಗುವುದು. ಅಲ್ಲಿ ಗೊಬ್ಬರದ ರಾಶಿ 60 ಡಿಗ್ರಿ ಹತ್ತಿರ ಬಿಸಿ ಇರುತ್ತದೆ. ಇನ್ನೊಂದು ಮನೆಯಲ್ಲಿ, 20ರಿಂದ 30 ಡಿಗ್ರಿಯಲ್ಲಿ ಕರಗುವುದು. ಫ್ರಾನ್ಸ್ ಎರಡನೆಯದನ್ನು ಕೇಳಿದೆ. ಯೂರೋಪ್ ನಿಯಮಕ್ಕೆ ಮೊದಲನೆಯದು ಸಾಕು, ಮನೆಯದ್ದೇ ಬೇಕು ಅನ್ನುವ ದೇಶ ಬೇಕಾದ್ರೆ ಕೇಳಬಹುದು. ನಾಳೆ ನಮ್ಮಲ್ಲಿ ಯಾರಾದ್ರೂ 'ಬಯೋ ಸ್ಟಿಕ್ಕರ್' ಅಂತ ತಂದರೆ ಮೊದಲು ಕೇಳಬೇಕಾದ್ದು ಇದನ್ನೇ. ಎರೆಹುಳದ ತೊಟ್ಟಿ 60 ಡಿಗ್ರಿಗೆ ಹೋದ್ರೆ ಹುಳ ಬೆಂದು ಹೋಗುತ್ತದಲ್ಲ.

ಸಂಪಿಗೆ_ಮರ, ಶಿರಸಿ
ಲಿಯಾನ್‌ನಲ್ಲಿ ಹಲಸಿನಹಣ್ಣು ಸಿಗುತ್ತಾ ತಮ್ಮಾ?

ಲಿಯಾನ್_ಹೊನ್ನಾವರ
ತುಂಡು ಮಾಡಿ ಪ್ಲಾಸ್ಟಿಕ್ ಸುತ್ತಿದ್ದು ಸಿಗುತ್ತದೆ ಅಕ್ಕ. ದರ ಕೇಳಿದ್ರೆ ಊರಿಗೆ ವಾಪಸ್ ಬರೋ ಮನಸ್ಸಾಗುತ್ತದೆ.

ಅಘನಾಶಿನಿ_ದಂಡೆ, ಕುಮಟಾ
ನಮ್ಮೂರಲ್ಲೇ ಉತ್ತರ ಇದೆಯಲ್ಲ. ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ತರಕಾರಿ ತರ್ತಾರೆ. ಬಸಳೆ, ಹರಿವೆ ಕಟ್ಟೋಕೆ ಬಾಳೆ ನಾರು. ಕುಮಟಾ ಸಿಹಿ ಈರುಳ್ಳಿ ನೋಡಿ, ಹೈವೇ ಬದಿಗೆ ದಂಟು ಹೆಣೆದು ಗೊಂಚಲು ನೇತು ಹಾಕ್ತಾರೆ. ದಂಟೇ ಹಗ್ಗ, ದಂಟೇ ಸ್ಟಿಕ್ಕರ್. ಹೆಣೆದದ್ದು ನೋಡಿದ್ರೇ ಇದು ಕುಮಟಾದ್ದು ಅಂತ ಗೊತ್ತಾಗುತ್ತದೆ.

ಯಾಣದ_ಬಂಡೆ
ಹೈವೇ ಬದಿಯದ್ದು ಎಲ್ಲಾ ಕುಮಟಾದ್ದೇ ಅಂತ ನಂಬಿದ್ದೀರಾ? ಹೋದ ವರ್ಷ ಒಂದು ಗೊಂಚಲು ತಂದೆ. ಕಣ್ಣಲ್ಲಿ ನೀರು ಬಂತು, ಸಿಹಿಗೆ ಅಲ್ಲ.

ಅಘನಾಶಿನಿ_ದಂಡೆ, ಕುಮಟಾ
ಯಾವ ತಿಂಗಳಲ್ಲಿ ತಂದಿರಿ? ನಮ್ಮದು ಬೇಸಿಗೆ ಬೆಳೆ. ದೀಪಾವಳಿಗೆ ಬಂದು ಸಿಹಿ ಈರುಳ್ಳಿ ಕೊಡಿ ಅಂದ್ರೆ ಯಾರು ಏನು ಕೊಡಬೇಕು?

ಯಾಣದ_ಬಂಡೆ
ದೀಪಾವಳಿಗೇ ತಂದಿದ್ದು. ಆಯ್ತು ಬಿಡಿ.

ಇಶಾಡ್_ತೋಟ, ಅಂಕೋಲಾ
ಎಲ್ಲರೂ ಸ್ಟಿಕ್ಕರ್ ಬೇಡ ಬೇಡ ಅಂತಿದ್ದೀರಿ. ಬೆಳೆಗಾರನ ಕಡೆ ಮಾತೂ ಕೇಳಿ.

ನಮ್ಮ ಕರಿ ಇಶಾಡ್ ಮಾವಿಗೆ 2023ರಲ್ಲಿ ಜಿಐ (ಇಂಥ ಊರಿನದ್ದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು. ಸಂತೋಷ. ಆದ್ರೆ ಮಾರ್ಕೆಟ್‌ನಲ್ಲಿ ಏನಾಗುತ್ತಿದೆ? ಬಿಳಿ ಇಶಾಡ್ ತಂದು ಕರಿ ಇಶಾಡ್ ಅಂತ ಮಾರ್ತಾರೆ. ನಮ್ಮೂರವರಿಗೆ ಮೂಸಿದ್ರೆ ಗೊತ್ತಾಗುತ್ತದೆ. ಕರಿಗೆ ಸಿಪ್ಪೆ ತೆಳು, ತಿರುಳು ಜಾಸ್ತಿ. ಬಿಳಿಗೆ ಸಿಪ್ಪೆ ದಪ್ಪ, ಸಿಹಿಯೂ ಅಷ್ಟಿಲ್ಲ. ಹುಬ್ಬಳ್ಳಿಯವರಿಗೆ, ಬೆಂಗಳೂರವರಿಗೆ ಹೇಗೆ ಗೊತ್ತಾಗಬೇಕು? ಡಜನ್‌ಗೆ ಒಳ್ಳೆ ದರ ಕೊಟ್ಟು ಮೋಸ ಹೋದವರು ಮರುವರ್ಷ ಇಶಾಡ್ ಹೆಸರೇ ಎತ್ತಲ್ಲ. ನಾನು ಹೋದ ವರ್ಷ ಸ್ಟಿಕ್ಕರ್ ಮಾಡಿಸಿದೆ. ನನ್ನ ಹೆಸರು, ಊರು, ಫೋನ್ ನಂಬರ್. ಬೆಂಗಳೂರಿಂದ ಹಣ್ಣು ತಿಂದವರು ಫೋನ್ ಮಾಡಿ 'ಇನ್ನೆರಡು ಡಬ್ಬಿ ಕಳಿಸಿ' ಅಂದ್ರು. ದಲ್ಲಾಳಿ ಇಲ್ಲದೆ ಮಾರಿದ್ದು ಅದೇ ಮೊದಲು. ಆ ಸ್ಟಿಕ್ಕರ್‌ಗೆ ನಾನು ಕೈ ಮುಗಿಯಬೇಕು.

ಗೊಬ್ಬರಗುಂಡಿ, ಶಿರಸಿ
ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ನಿಜ. ಆದ್ರೆ ಪ್ರತಿ ಹಣ್ಣಿಗೂ ಬೇಕಾ? ಡಬ್ಬಿ ಮೇಲೆ ಅಂಟಿಸಿದ್ರೆ ಸಾಲದಾ?

ಇಶಾಡ್_ತೋಟ, ಅಂಕೋಲಾ
ಡಬ್ಬಿ ಅಂಗಡಿಯವನ ಹತ್ತಿರ ಉಳಿಯುತ್ತದೆ ಸ್ವಾಮಿ. ನನ್ನ ಖಾಲಿ ಡಬ್ಬಿಗೆ ಬೇರೆ ಮಾವು ತುಂಬಿಸಿ ಇಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ. ಗಿರಾಕಿ ಮನೆವರೆಗೆ ಹೋಗೋದು ಹಣ್ಣು ಮಾತ್ರ.

ಹಣ್ಣಂಗಡಿ_ಹುಡುಗ, ಕಾರವಾರ
ಅಣ್ಣ, ಖಾಲಿ ಡಬ್ಬಿ ತುಂಬಿಸುವವ ಸ್ಟಿಕ್ಕರ್ ಪ್ರಿಂಟ್ ಮಾಡಿಸಲ್ಲ ಅಂತ ಹೇಗೆ ಹೇಳ್ತೀರಿ? ರೋಲ್ ಲೆಕ್ಕದಲ್ಲಿ ಸಿಗುತ್ತದೆ ಅಂದೆನಲ್ಲ.

ಇಶಾಡ್_ತೋಟ, ಅಂಕೋಲಾ
ನನ್ನ ಫೋನ್ ನಂಬರ್ ಹಾಕಿ ಮಾಡಿಸ್ತಾನಾ? ಮಾಡಿಸಲಿ, ಬೈಗುಳ ತಿನ್ನೋಕೆ ನಾನಿದ್ದೇನೆ, ಅವನನ್ನು ಹಿಡಿಯೋಕೂ ನಾನಿದ್ದೇನೆ.

ಲಿಯಾನ್_ಹೊನ್ನಾವರ
ಲೇಸರ್ ಅಂತ ಒಂದಿದೆ. ಸಿಪ್ಪೆಯ ಮೇಲ್ಪದರದ ಬಣ್ಣವನ್ನಷ್ಟೇ ಬೆಳಕಿನಿಂದ ತೆಗೆದು ಅಕ್ಷರ ಮೂಡಿಸುವುದು. ಮಸಿ ಇಲ್ಲ, ಅಂಟಿಲ್ಲ. ನೆದರ್ಲೆಂಡ್ಸ್‌ನ ಎಯೋಸ್ಟಾ ಅನ್ನುವ ಕಂಪನಿ ಸ್ವೀಡನ್ನಿನ ಅಂಗಡಿಗಳಿಗೆ ಬೆಣ್ಣೆಹಣ್ಣು, ಸಿಹಿಗೆಣಸಿಗೆ ಹೀಗೆ ಮಾಡಿತ್ತು. ಹತ್ತು ವರ್ಷದ ಹತ್ತಿರ ಆಯ್ತು.

ಇಶಾಡ್_ತೋಟ, ಅಂಕೋಲಾ
ಬೆಣ್ಣೆಹಣ್ಣಿನ ಸಿಪ್ಪೆ ಚಪ್ಪಲಿ ತೊಗಲು ಇದ್ದ ಹಾಗೆ. ನಮ್ಮ ಕರಿ ಇಶಾಡ್‌ಗೆ ಉಗುರು ತಾಗಿದ್ರೆ ಮರುದಿನ ಕಪ್ಪು. ಹುಲ್ಲಿನ ಮೇಲೆ ಮಗು ಮಲಗಿಸಿದ ಹಾಗೆ ಮಲಗಿಸಬೇಕು. ಅದಕ್ಕೆ ಲೇಸರ್ ಹೊಡೆಯಲು ನನಗೆ ಧೈರ್ಯ ಇಲ್ಲ. ಮತ್ತೆ ಮಿಷನ್ನಿಗೆ ದುಡ್ಡು ಯಾರು ಕೊಡ್ತಾರೆ? ಹದಿನಾಲ್ಕು ಮರ ಇರೋದು ನನಗೆ.

ಅಕ್ಕಚ್ಚು_ಬಕೆಟ್, ಯಲ್ಲಾಪುರ
ಅಂಟೇ ಇಲ್ಲದೆ ಮಾಡಬಹುದಲ್ವಾ? ಕಾಗದದ ಪಟ್ಟಿಗೆ ದಾರ ಪೋಣಿಸಿ ಹಣ್ಣಿನ ತೊಟ್ಟಿಗೆ ಕಟ್ಟೋದು. ಹೇಗೂ ತೊಟ್ಟು ಬಿಟ್ಟೇ ಕೊಯ್ತೀರಿ, ಸೊನೆ ತಾಗಬಾರದು ಅಂತ. ಮದುವೆ ಮನೆಯಲ್ಲಿ ಉಡುಗೊರೆಗೆ ಚೀಟಿ ಕಟ್ಟಲ್ವಾ, ಹಾಗೆ. ನಮ್ಮ ದನ ಕಾಗದ ತಿಂದ್ರೆ ನನಗೇನೂ ಬೇಜಾರಿಲ್ಲ.

ಇಶಾಡ್_ತೋಟ, ಅಂಕೋಲಾ
ತಂಗಿ, ಇದು ಪರವಾಗಿಲ್ಲ. ಕಟ್ಟೋಕೆ ಆಳು ಬೇಕು, ಮಳೆ ಬಿದ್ರೆ ಅಕ್ಷರ ಹೋಗುತ್ತದೆ. ಆದ್ರೂ ಮುಂದಿನ ಮೇ ತಿಂಗಳಿಗೆ ಒಂದು ಮರದ್ದು ಮಾಡಿ ನೋಡ್ತೇನೆ. ಎಲ್ಲದಕ್ಕೂ ಅಲ್ಲ, ಡಬ್ಬಿಗೆ ಎರಡು ಹಣ್ಣಿಗೆ.

ಸಂಪಿಗೆ_ಮರ, ಶಿರಸಿ
ನಮ್ಮನೆ ಕಥೆ ಕೇಳಿ. ಚೌತಿಗೆ ಫಲಾವಳಿ (ಗಣಪತಿ ಮೇಲೆ ನೇತು ಹಾಕುವ ಹಣ್ಣು ಕಾಯಿ) ಕಟ್ಟುವಾಗ ನಮ್ಮ ಆಯಿ ಆಪಲ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ್ಳು. 'ಇದೆಂಥದೇ, ಗಣಪತಿಗೂ ಅಂಗಡಿ ಬಿಲ್ ತೋರಿಸ್ತೀರಾ?' ಅಂತ ಕೇಳಿದ್ಳು. ಆಮೇಲೆ ಎಲ್ಲಾ ಹಣ್ಣಿನ ಸ್ಟಿಕ್ಕರ್ ಅವಳೇ ಕಿತ್ತಳು. ಕಿತ್ತದ್ದನ್ನು ಮೊಮ್ಮಗ ತೆಗೆದುಕೊಂಡು ಹೋಗಿ ಅಜ್ಜನ ಬೋಳುತಲೆಗೆ ಅಂಟಿಸಿದ. ಅಜ್ಜ ಅದೇ ತಲೆಯಲ್ಲಿ ಮಂಗಳಾರತಿಗೆ ಬಂದ್ರು. ಹಣೆಯಲ್ಲಿ ಗಂಧ, ನೆತ್ತಿಯಲ್ಲಿ ನ್ಯೂಜಿಲೆಂಡ್.

ಯಾಣದ_ಬಂಡೆ
ಅಜ್ಜಂಗೆ ಜಿಐ ಸಿಕ್ಕಿತು.

ಕಡಲ_ಕಾಗೆ, ಕಾರವಾರ
ಸರಿ, ಸೋತೆ. ಈ ಭಾನುವಾರ ಸಂತೆ ಮುಗಿದ ಮೇಲೆ ಬೇಕಂತಲೇ ನೋಡಿಕೊಂಡು ಬಂದೆ. ಹಣ್ಣಿನ ಗಾಡಿ ನಿಲ್ಲುವ ಜಾಗದಲ್ಲಿ ಬಗ್ಗಿ ನೋಡಿದ್ರೆ ನೆಲಕ್ಕೆ ಚುಕ್ಕಿ ಇಟ್ಟ ಹಾಗೆ ಅಂಟಿವೆ. ನಿಂತು ನೋಡಿದ್ರೆ ಕಾಣಲ್ಲ. ಇಷ್ಟು ವರ್ಷ ಕಸ ಹೆಕ್ಕಿದ ನನಗೇ ಕಂಡಿರಲಿಲ್ಲ. ಒಂದನ್ನು ಉಗುರಲ್ಲಿ ಎಬ್ಬಿಸೋಕೆ ಹೋಗಿ ಸಾಕಾಯ್ತು.

ಬೆಟ್ಟದ_ಭಾವ, ಸಿದ್ದಾಪುರ
ಕೊಬ್ಬರಿ ಎಣ್ಣೆ ಹಚ್ಚಿ. ಬಿಡುತ್ತದೆ.

ಕಡಲ_ಕಾಗೆ, ಕಾರವಾರ
ಸಂತೆ ಮಾಳಕ್ಕೆ ಕೊಬ್ಬರಿ ಎಣ್ಣೆ! ಇವತ್ತಿನ ದರ ಗೊತ್ತಾ ಭಾವ?

ಗೊಬ್ಬರಗುಂಡಿ, ಶಿರಸಿ
ಮೂರು ವಾರದ ನಂತರ ಬರೀತಾ ಇದ್ದೇನೆ. ನಾವು ಯಾವಾಗಲೂ ಹಣ್ಣು ತರುವ ಅಂಗಡಿಗೆ ಹೋಗಿ ಕೇಳಿದೆ. ಕಂಪನಿ ಸ್ಟಿಕ್ಕರ್ ನನ್ನ ಕೈಯಲ್ಲಿಲ್ಲ, ಬಂಗಾರದ ರೋಲ್ ಮಾತ್ರ ಇನ್ನು ತರಲ್ಲ ಅಂದ. ತರಲ್ಲ ಅಂದದ್ದು ಪರಿಸರದ ಮೇಲಿನ ಪ್ರೀತಿಗೆ ಅಲ್ಲ, ಅಂಟಿಸೋಕೆ ಇದ್ದ ಹುಡುಗ ಕೆಲಸ ಬಿಟ್ಟಿದ್ದಾನೆ. ಇರಲಿ.

ನಾನು ತಗೊಂಡ ಹಣ್ಣಿನ ಸ್ಟಿಕ್ಕರ್ ಅಲ್ಲೇ ಕಿತ್ತು ಅವನ ಕೈಗೆ ಕೊಟ್ಟೆ. ಅವನಿಗೂ ಎಲ್ಲಿ ಹಾಕಬೇಕು ಅಂತ ಗೊತ್ತಾಗಲಿಲ್ಲ. ತೂಕದ ಮಿಷನ್ ಬದಿಗೆ ಅಂಟಿಸಿದ. ಮರುವಾರ ಹೋದಾಗ ನನ್ನ ಹಿಂದೆ ನಿಂತ ಹೆಂಗಸು 'ಅದೆಂಥಕ್ಕೆ?' ಅಂತ ಕೇಳಿ, ಅವಳೂ ಕಿತ್ತು ಕೊಟ್ಟಳು. ಈಗ ಮಿಷನ್‌ನ ಎರಡು ಬದಿ ತುಂಬಿದೆ.

ಹಣ್ಣಂಗಡಿ_ಹುಡುಗ, ಕಾರವಾರ
ತೂಕ ಜಾಸ್ತಿ ತೋರಿಸ್ತಿದೆಯಾ ನೋಡಿಕೊಳ್ಳಿ 😄

ಅಕ್ಕಚ್ಚು_ಬಕೆಟ್, ಯಲ್ಲಾಪುರ
ಫೋಟೋ ಹಾಕಿ. ಮತ್ತೆ ಆ ಜರಡಿ ಎಷ್ಟು ಕಣ್ಣಿನದ್ದು? ನಮ್ಮದರಲ್ಲಿ ಸ್ಟಿಕ್ಕರ್ ಮಡಚಿಕೊಂಡು ಕೆಳಗೆ ಬೀಳುತ್ತದೆ.

ಗೊಬ್ಬರಗುಂಡಿ, ಶಿರಸಿ
ಭತ್ತದ ಜರಡಿಯೇ, ಅಜ್ಜಿ ಕಾಲದ್ದು. ಫೋಟೋ ನಾಳೆ ಹಾಕ್ತೇನೆ. ನಿನ್ನೆ ರಾತ್ರಿಯಿಂದ ಕರೆಂಟಿಲ್ಲ, ಮೊಬೈಲ್ ನಾಲ್ಕು ಪರ್ಸೆಂಟ್.